ಚೆಲುವರಾಜನಿಗೆ ಲ್ಯಾಪ್‌ಟಾಪ್ ಒಪ್ಪಿಸುವಾಗ

ಕೂತ್ಕೊ ಚೆಲುವ, ಸ್ಟೂಲು ಈ ಕಡೆ ಎಳ್ಕೊ.
ಹನ್ನೊಂದಾದರೆ ಹೊಂಗೆಮರದ ನೆರಳು
ಪಾಂಡವಪುರದ ಈ ಕಛೇರಿ ಬಿಟ್ಟು ರಸ್ತೆಗೆ ಹೋಯ್ತದೆ,
ಆಮೇಲೆ ಪರದೆ ಮೇಲೆ ನಿನ್ನ ಮುಖ ಬಿಟ್ಟು
ಬೇರೇನೂ ಕಾಣಾಕಿಲ್ಲ.
ಬೆಳಕು ಹೆಚ್ಚಿಸಬೇಡ, ಬ್ಯಾಟರಿ ಕುಡ್ದುಬಿಡ್ತದೆ.
ಮೇಜನ್ನೇ ತಿರುಗಿಸು.

ಆನ್ ಮಾಡಿದ ಕೂಡಲೇ ಕರೀದೇ ಬರ್ತಿದ್ದ ನೆಂಟರು ಹನ್ನೊಂದು ಜನ:
ಹಾಡು ಹಾಕೋನು, ಮಳೆ ಹೇಳೋನು,
ಏನನ್ನೋ ಅಪ್‌ಡೇಟ್ ಮಾಡ್ತೀನಿ ಅಂತ ಕೂರೋನು.
ಎಲ್ಲರನ್ನೂ ಬಾಗಿಲಲ್ಲೇ ತಡೆದಿದೀನಿ.
ಮೊದಲು ಇದು ಏಳೋದ್ರೊಳಗೆ ಒಂದು ಟೀ ಮುಗೀತಿತ್ತು,
ಈಗ ಸಕ್ಕರೆ ಕರಗೋ ಮೊದಲೇ ಎದ್ದು ಕೂತಿರ್ತದೆ.

ವಿಂಡೋಸ್ ಗುಂಡಿ ಹಿಡ್ಕೊಂಡು ಎಡಬಾಣ ಒತ್ತು, ಪಹಣಿ ಎಡಕ್ಕೆ.
ಬಲಬಾಣ, ಪತ್ರ ಬಲಕ್ಕೆ.
ಅಣ್ತಮ್ಮಂದಿರು ಪಾಲಾದಂಗೆ, ನಡುವೆ ಒಂದು ಬದು.
ನೋಡಿ ಬರಿ, ನೆನಪಿಂದ ಬರೀಬೇಡ.
೧೪೭/೨ ಇದ್ದದ್ದನ್ನ ೧೪೨/೭ ಮಾಡಿ
ಒಬ್ಬನ ಆರು ತೆಂಗಿನಮರ ಇನ್ನೊಬ್ಬನಿಗೆ ಕೊಟ್ಟೋಳು ನಾನು.
ತಿದ್ದುಪಡಿ ಪತ್ರ ನಾನೇ ಬರ್ಕೊಟ್ಟೆ, ಪುಕ್ಕಟೆ.

ನಾಲ್ಕು ಸಾಲಿಗೊಂದ್ಸಲ ಕಂಟ್ರೋಲ್ ಎಸ್.
ಕಡತಕ್ಕೆ ‘ಹೊಸದು’, ‘ಹೊಸದು ಎರಡು’, ‘ಇದೇ ಫೈನಲ್’
ಅಂತೆಲ್ಲ ಹೆಸರಿಡಬೇಡ.
ವರ್ಷ, ಊರು, ಸರ್ವೆ ನಂಬರು. ಅಷ್ಟೇ.
ನಾಳೆ ನಾನು ಸತ್ತರೂ ಹುಡುಕೋನಿಗೆ ಸಿಗಬೇಕು.

ಈಗ ಅಸಲಿ ವಿದ್ಯೆ.
‘ಚಬ’ ಅಂತ ಒತ್ತಿ ಒಂದು ಸ್ಪೇಸ್ ಕೊಡು:
ಚಕ್ಕುಬಂದಿ, ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ,
ನಾಲ್ಕು ದಿಕ್ಕೂ ಬಂದು ಸಾಲಾಗಿ ನಿಂತ್ಕೋತವೆ.
ನಾಲೆ ಎಲ್ಲಿ, ಗಾಡಿದಾರಿ ಎಲ್ಲಿ ಅಂತ ನೀನು ತುಂಬಿದರೆ ಸಾಕು.
‘ಶುಕ್ರ’ ಅಂದರೆ ಶುದ್ಧ ಕ್ರಯಪತ್ರ.
‘ಪುಪೌ’ ಅಂದರೆ ಪುತ್ರಪೌತ್ರ ಪಾರಂಪರ್ಯವಾಗಿ.
‘ಆಚ’ ಒತ್ತು ನೋಡು,
ಸೂರ್ಯ ಚಂದ್ರ ಇಬ್ಬರೂ ಎರಡಕ್ಷರಕ್ಕೆ ಬತ್ತಾರೆ.

ಹಕ್ಕು ಬಿಡುಗಡೆಗೆ ಯಾವುದಕ್ಕಾ, ಅಂತೀಯಾ?
ಅದೂ ಇತ್ತು. ‘ಹಬಿ’. ಮೂರು ವರ್ಷ ಇತ್ತು.
ಚಿನಕುರಳಿಯಿಂದ ನಿಂಗಾಜಮ್ಮ ಬಂದಿದ್ಲು,
ಮೂವರು ತಮ್ಮಂದಿರು, ಒಂದು ಆಟೋ.
ನಾನು ‘ಹಬಿ’ ಒತ್ತಿದೆ. ಪರದೆ ತುಂಬಿತು.
‘ಯಾರ ಒತ್ತಾಯವೂ ಇಲ್ಲದೆ, ಮನಸಾರೆ ಒಪ್ಪಿ...’
ಓದಿ ಹೇಳಿದೆ.
ಹೆಬ್ಬೆರಳ ಮಸಿ ಸೆರಗಿಗೆ ಒರೆಸ್ಕೋತಾ ಕೇಳಿದ್ಲು:
‘ಅಷ್ಟು ಬಿರ್ರನೆ ಹೆಂಗೆ ಗೊತ್ತಾಯ್ತವ್ವ ನಿಂಗೆ?’

ಅವತ್ತು ರಾತ್ರಿ ತೆಗೆದುಹಾಕ್ದೆ.

ಅದಕ್ಕೇ ಹೇಳ್ತೀನಿ, ಆ ಒಂದು ಸಾಲು ಕೈಯಲ್ಲೇ ಬರಿ,
ಒತ್ತು, ಕೊಂಬು, ದೀರ್ಘ ಯಾವುದನ್ನೂ ಹಾರಿಸಬೇಡ.
ಅಕ್ಷರ ದೊಡ್ಡದು ಮಾಡು, ಕಂಟ್ರೋಲ್ ಹಿಡಿದು ಪ್ಲಸ್,
ಪರದೆ ಆಕೆ ಕಡೆ ತಿರುಗಿಸು, ಓದು ಬರದಿದ್ದರೂ ತಿರುಗಿಸು.
‘ಒ’ ಬರೆದು ತಲೆ ಎತ್ತು. ‘ತ್ತಾ’ ಬರೆದು ತಲೆ ಎತ್ತು.
ಹಿಂದೆ ನಿಂತೋರು ಬೈಕಿನ ಕೀ ಕುಣಿಸಿದರೆ
‘ಹಳೇ ಮಿಷಿನ್ನು ಕಣಣ್ಣ, ನಿಧಾನ’ ಅನ್ನು.
ಪಾಪ, ಅದೇನೂ ಬೇಜಾರು ಮಾಡ್ಕೊಳಲ್ಲ.

ಹೋದ ಶ್ರಾವಣದಲ್ಲಿ ಒಬ್ಬಳು
‘ತ್ತಾ’ ಆಗಿ ‘ಯ’ ಬರೋದ್ರೊಳಗೆ
ನೀರು ಕುಡ್ದು ಬತ್ತೀನಿ ಅಂತ ಎದ್ದು ಹೋದೋಳು
ಬರ್ಲೇ ಇಲ್ಲ.
ಆ ಅರ್ಧ ಪತ್ರ ಇಲ್ಲೇ ಐತೆ, ಎಲ್ಲಾದಕ್ಕೂ ಮೇಲೆ.
ಜಾಗ ಸಾಲದು ಅಂತ ಮಿಷಿನ್ನು ಗೊಣಗಿದಾಗ
ಬೇರೆ ಯಾವುದಾದರೂ ಅಳಿಸು, ಅದನ್ನ ಮುಟ್ಟಬೇಡ.
ಅದಕ್ಕೊಂದಕ್ಕೆ ವರ್ಷ ಇಲ್ಲ, ಊರಿಲ್ಲ, ಸರ್ವೆ ನಂಬರಿಲ್ಲ.
‘ನೀರು’ ಅಂತ ಹೆಸರಿಟ್ಟಿದೀನಿ.