ಒನ್ ಬೈ ಟೂ

ಮೊದಲನೆಯವ ಗುರುಗ್ರಾಮದವ.
ತಾಸಿಗೆ ಆರು ಸಾವಿರ, ಮೊದಲ ಹದಿನೈದು ನಿಮಿಷ ಪುಕ್ಕಟೆ.
ಆ ಹದಿನೈದರಾಗ ಹನ್ನೊಂದು ನಿಮಿಷ
ತಾ ಯಾವ್ಯಾವ ಕಂಪನಿ ದಾಟಿ ಬಂದೆ ಅಂತ ಹೇಳಿದ.
ಅವನ ಹಿಂದ ಒಂದು ಹಸರು ಗಿಡ,
ಒಂದು ಎಲಿನೂ ಅಲುಗಲಿಲ್ಲ. ಚಿತ್ರ ಇರಬೇಕು.

ಎರಡನೆಯಾಕಿ ಹೈದರಾಬಾದಿನಾಕಿ, ಸಿಹಿ ಬಾಯಿ.
ನಾ ಏನಂದ್ರೂ ವಂಡರ್‌ಫುಲ್.
ನೆಟ್ ಹೋಗಿ ನನ್ನ ಮಾತು ಅರ್ಧಕ್ಕ ಹರದಾಗೂ
ಆ ಕಡಿಂದ ಬಂತು, ವಂಡರ್‌ಫುಲ್.

ವಾಡಿ ಸಿಮೆಂಟ್ ಕಾರ್ಖಾನಿಯೊಳಗ
ಚೀಲದ ಲೆಕ್ಕ ಬರಿಯಾಕಿ ನಾನು.
ಎರಡು ವರ್ಷ ಉಳಿಸಿದ್ದು ನಲವತ್ತೆಂಟು ಸಾವಿರ.
ಅದರಾಗ ಸಂದರ್ಶನಕ್ಕ ಕಲಿಸೋರನ್ನ ಹುಡುಕಬೇಕು.
ಚಪ್ಪಲಿ ಆದ್ರ
ಅಂಗಡಿಯೊಳಗೇ ನಾಕು ಹೆಜ್ಜಿ ನಡೆದು ನೋಡಬಹುದಿತ್ತು.

ಸಂಜಿ ಗಾಡಿಯಾಗ ಜೋಡಿ ಬರೋ ಮಹಾನಂದಾ ಅಂದಳು:
ಗಂಜಿನ ಹಿಂದ ಒಬ್ಬರಿದ್ದಾರ, ಬೋರ್ಡ್ ಹಾಕಿಲ್ಲ.

ದಾಲ್ ಮಿಲ್ಲಿನ ಮ್ಯಾಲಿನ ಖೋಲಿ.
ಕೆಳಗ ತೊಗರಿ ಒಡಿಯೋ ಸದ್ದಿಗೆ
ಮೇಜಿನ ಮ್ಯಾಲಿನ ಪೆನ್ನು ತಾನಾಗೇ ಸರೀತಿತ್ತು.
ತಹಸೀನ್ ಮೇಡಂ ಅದನ್ನ ನೋಡದೇ ಹಿಡಿದು ಹಿಂದಕ ಇಟ್ಟರು.
ಮುಂಬೈಯಾಗ ಆರು ವರ್ಷ ಅದೇ ಕೆಲಸದಾಗಿದ್ರಿ,
ಬಿಟ್ಟು ಯಾಕ ಬಂದ್ರಿ ಅಂತ ಕೇಳಿದೆ.
"ಅದು ನಿನ್ನ ಫೀಸಿನೊಳಗ ಬರಂಗಿಲ್ಲ.
ಈ ಊರಾಗ ದಿನಕ್ಕ ಎಷ್ಟು ಕಪ್ ಚಹಾ ಖರ್ಚಾಗ್ತದ, ಹೇಳು."

ಆರು ಲಕ್ಷ ಮಂದಿ ಹಿಡಿದೆ. ಕೂಸುಗಳನ್ನ ಕಳದೆ.
ತಲಿಗೆ ಮೂರು ಕಪ್ ಅಂದೆ,
ಬ್ಯಾಸಿಗಿ ಅಂತ ಒಂದು ಕಡಿಮಿ ಮಾಡಿದೆ.
ಗುರುಗ್ರಾಮದವ ಕೊಟ್ಟ ನಾಕು ಚೌಕ ಬರದು
ಒಳಗೆಲ್ಲ ಅಂಕಿ ತುಂಬಿದೆ.

"ನಲವತ್ಮೂರು ಡಿಗ್ರಿ ಅದ ಇವತ್ತು.
ಕೆಳಗ ಹಮಾಲರು ಏನ್ ಕುಡೀಲತ್ತಾರ, ನೋಡಿ ಬಾ."

ಇಳಿದು ನೋಡಿದೆ. ಚಹಾನೇ.
ಹದಿನಾಲ್ಕು ಮಂದಿ, ಏಳು ಕಪ್ಪು.
ಒಬ್ಬನಿಗೆ ಬಶಿ, ಒಬ್ಬನಿಗೆ ಕಪ್ಪು.
ಯಾರೋ ಒಬ್ಬ ನನಗೂ ಬಶಿ ಚಾಚಿದ,
ಹದಿನೈದು ಮಂದಿ ಆದೆವು.

ಮ್ಯಾಲ ಬಂದು ಹೇಳಿದೆ. ತಪ್ಪಾಯ್ತು ಅಂದೆ, ನಕ್ಕೆ.
ಅವರು ಅಂಕಿ ಬಗ್ಗೆ ಏನೂ ಅನಲಿಲ್ಲ.
"ಮಾತು ಮುಗಿಯೋಕ್ಕಿಂತ ಮೊದಲೇ ನಗ್ತಿ ನೀನು.
ಹೊಡೀಬ್ಯಾಡ್ರಿ ಅಂತ ಕೇಳಿಕೊಂಡಂಗ.
ಲೆಕ್ಕ ಯಾರರೇ ಕಲಿಸ್ತಾರ, ಅಲ್ಲೇ ಹೋಗು ಬೇಕಾದ್ರ.
ನನ್ನ ಹತ್ರ ಬಂದ್ರ ಮೊದಲ ಅದು ಬಿಡಬೇಕಾಗ್ತದ."

ಎಂಟು ದಿನ ಫೋನ್ ಮಾಡಲಿಲ್ಲ.
ಸಿಟ್ಟಿತ್ತು.
ಆಫೀಸಿನಾಗ ಸಾಹೇಬರ ಮುಂದ ನಿಂತಾಗ
ನನ್ನ ನಗಿ ನನಗೇ ಕೇಳಿಸಲತ್ತಿತು,
ಜಗ್ಗಿದ ಚೀಲದ ಬಾಯಿಂದ ಪುಡಿ ಉದುರಿದಂಗ.
ಲಂಚಿನ ಹೊತ್ತಿಗೆ ಸಂಡಾಸಿನ ಕನ್ನಡಿ ಮುಂದ ನಿಂತು
"ತಪ್ಪಾಯ್ತು" ಅಂತ ಬರೇ ಮಾತಾಗಿ ಹೇಳಿ ನೋಡಿದೆ.
ಆಗಲಿಲ್ಲ.

ಹೈದರಾಬಾದಿನಾಕಿ ಮೆಸೇಜ್ ಕಳಿಸಿದಳು,
ಈ ವಾರ ಸೇರಿದ್ರ ಮೂವತ್ತು ಪರ್ಸೆಂಟ್ ಕಡಿಮಿ.
ಒಂದು ಘಳಿಗಿ ಬೆರಳು ಅಲ್ಲೇ ನಿಂತಿತ್ತು, ಸುಳ್ಳು ಯಾಕ ಹೇಳಲಿ.

ಸೋಮವಾರ ಗಂಜಿಗೆ ಹೋದೆ.
ಮೊದಲ ತಿಂಗಳ ರೊಕ್ಕ ಕವರಿನಾಗ.
ಕಬ್ಬಿಣದ ಮೆಟ್ಟಿಲಿಗೆ ತೊಗರಿ ಹೊಟ್ಟು ಅಂಟಿತ್ತು.
ಇವತ್ತು ನಗಬಾರದು ಅಂತ ಹತ್ತಲತ್ತಿದ್ದೆ,
ಅರ್ಧಕ್ಕ ಬಂದಾಗ
ಜೋರು ನಗಿ ಬಂತು, ಹೊಟ್ಟಿ ಹಿಡ್ಕೊಂಡು ನಿಂತೆ.
ಇದು ಬ್ಯಾರೆ ನಗಿ ಅನಸ್ತದ.
ಕೇಳಿದ್ರ ಅವರು ಏನಂತಾರೋ.