ದೃಶ್ಯ ೪೨, ಹೊರಾಂಗಣ, ರಾತ್ರಿ

ಶಹಾಬಾದಿನ ಕ್ವಾರಿ ರಸ್ತೆ. ಲಾರಿ ತೂಗುವ ಕಟ್ಟೆ.
ಪರ್ಸಿ ಹೇರಿದ ಗಾಡಿಯೊಂದು ಬಂದು ನಿಲ್ಲುತ್ತದೆ.
ಅಂಬಾರಾಯ ಹದಿನೆಂಟು ಟನ್ನನ್ನು
ಹನ್ನೆರಡೆಂದು ಬರೆಯುತ್ತಾನೆ.

ಇಷ್ಟು ಬರೆದು ಆರು ವಾರವಾಯಿತು.

ನಿರ್ಮಾಪಕರ ಫೋನು: ‘ಏ ರೈಟರ್, ಯಾಕ ಬರೀತಾನ ಅವ?
ನೋಡೋ ಮಂದಿ ಕೇಳ್ತಾರ. ಗಟ್ಟಿ ಕಾರಣ ಕೊಡು.’
ಕೊಟ್ಟೆ. ಮಗಳ ಹೃದಯಕ್ಕೊಂದು ತೂತು ಕೊಟ್ಟೆ,
ಬೆಳಗಾಗೆದ್ದು ನಾಚಿ ನಾನೇ ಹೊಲಿದೆ.
ಸಾಲ ಕೊಟ್ಟೆ, ಸೆರೆ ಕೊಟ್ಟೆ,
ಎಳೆಯ ಬೆನ್ನಿಗೆ ಅಪ್ಪನ ಬೆಲ್ಟಿನ ಬಾಸುಂಡೆ ಕೊಟ್ಟೆ.
ಎಲ್ಲ ತೊಟ್ಟು ನೋಡಿದ ಅಂಬಾರಾಯ,
ಮದುವೆಗೆಂದು ಕಡ ತಂದ ಕೋಟಿನ ಹಾಗೆ:
ತೋಳು ಉದ್ದ, ಹೆಗಲು ಬಿಗಿ.
ಬಿಚ್ಚಿಟ್ಟು, ಬನೀನಿನಲ್ಲಿ ಕೂತು
ನನ್ನನ್ನೇ ನೋಡತೊಡಗಿದ.

ಕಡೆಗೊಂದು ದಿನ ಕಲಬುರಗಿಯಲ್ಲಿ ಪ್ಯಾಸೆಂಜರ್ ಹತ್ತಿದೆ.
ಬೂದುನೀಲಿ ಧೂಳು. ಬಳ್ಳಾರಿ ಜಾಲಿಗೂ ಅದೇ ಬಣ್ಣ.
ತಗಡಿನ ಖೋಲಿಯ ಮೇಲೆ ಬೋರ್ಡು: ಧರ್ಮಕಾಂಟಾ.
ಕೆಳಗೆ ಸಣ್ಣದಾಗಿ: ಉದ್ರಿ ಇಲ್ಲ.
ಒಳಗೆ ಅಂಬಾರಾಯ ಇರಲಿಲ್ಲ.
ಚಂದ್ರಭಾಗಾ ಇದ್ದರು,
ಪೇಪರಿನ ಮೇಲೆ ಸುಸಲಾ, ಒಂದು ಮಿರ್ಚಿ.

ಲಾರಿ ಹತ್ತಿತು. ಕೆಂಪು ಅಂಕಿಗಳು ಓಡಿದವು,
ಏರಿದವು, ಇಳಿದವು, ಮತ್ತೆ ಒಂದಿಷ್ಟು ಏರಿದವು.
‘ನಿಲ್ಲೂ ತನಕ ನಡಗ್ತದ್ರಿ,’ ಎಂದರು,
‘ನಡಗೂದು ಬರಕೋಬಾರದು.’
ನಾನು ಬರೆದುಕೊಂಡೆ.

ಕೇಳಿಯೂ ಬಿಟ್ಟೆ. ಸುಳ್ಳು ತೂಕ, ಯಾವಾಗಾದರೂ?
ಮಿರ್ಚಿಯ ತೊಟ್ಟು ಕಿತ್ತು ಬದಿಗಿಟ್ಟರು.
‘ಒಂದ್ಸಲ.’
ಮನೆಯಲ್ಲಿ ಅಡಚಣಿ ಇತ್ತೆ? ‘ಇಲ್ರಿ.’
ಹೆದರಿಸಿದರೆ? ‘ನನಗ್ಯಾರ್ ಹೆದರಸ್ತಾರ್ರಿ.’
ರೊಕ್ಕ? ‘ಕೊಡ್ಲಾಕ ಬಂದ್ರು. ಮುಟ್ಟಿಲ್ಲ.’
ಮತ್ತೆ?

‘ಹನ್ನೊಂದ್ ವರ್ಷ ಎಲ್ಲಾರೂ ಏ ಕಾಂಟಾ, ಏ ಕಾಂಟಾ ಅಂತಿದ್ರು.
ಅವತ್ತ ಮಾಲಕರು ಕಿಡಕ್ಯಾಗ ಬಗ್ಗಿ
ಚಂದ್ರಭಾಗಾಬಾಯಿ, ಚಾ ಆಯ್ತೇನ್ರಿ, ಅಂದ್ರು.
ಅಷ್ಟೇ.
ಕೈ ತಾನೇ ಬರದ್ಬಿಡ್ತು.’
ಸುಸಲಾ ಮುಗಿಸಿ, ಪೇಪರ್ ಮುದ್ದೆ ಮಾಡಿ:
‘ಮರುದಿನ ಮತ್ತ ಕಾಂಟಾ ಆದೆ.’

ಆ ರಾತ್ರಿ ಮಗಳನ್ನು, ಸಾಲವನ್ನು, ಬೆಲ್ಟನ್ನು ಹೊಡೆದುಹಾಕಿದೆ.
ಕಿಟಕಿ. ಒಂದು ಮುಖ ಬಗ್ಗುತ್ತದೆ. ಒಂದು ಹೆಸರು.
ಅಂಬಾರಾಯ ಬನೀನಿನಲ್ಲೇ ಎದ್ದು ಬಂದು ಪೆನ್ನು ಹಿಡಿದ.

‘ಒಂದ್ ಕಪ್ ಚಾಕ್ಕ ಆರು ಟನ್ ಕಲ್ಲಾ?’
ನಿರ್ಮಾಪಕರು ನಕ್ಕರು. ನಕ್ಕು ಮುಗಿದ ಮೇಲೆ
ಅವರ ದನಿ ಮೆತ್ತಗಾಯಿತು:
‘ನೋಡ್ರಿ ಮಲ್ಕಣ್ಣನವರ, ನಿಮ್ಮ ಮಾತಿಗಿ ಬೆಲಿ ಅದ.
ಆದರ ಆ ಕೂಸಿನ ಹೃದಯದ ತೂತು,
ಅದೊಂದು ಇರಲಿ ಅಂತೀನಿ.’

ನಾಲ್ಕು ವರ್ಷದಲ್ಲಿ ಇದೇ ಮೊದಲು,
ಮಲ್ಕಣ್ಣನವರ.

ಹೊಡೆದುಹಾಕಿದ ಸಾಲಿನ ಮೇಲೆ ಪೆನ್ನು ಇದೆ.
ಅಂಕಿ ಇನ್ನೂ ನಿಂತಿಲ್ಲ.