ಟಿಕ್

ಕೋಡಿಬಾಗದ ಉಪ್ಪುಗಾಳಿಗೆ ಕಾರ್ಬನ್ ಪಾಟು
ಎರಡು ಮಳೆಗಾಲ ತಾಳುವುದಿಲ್ಲ.
ತಿರುವಿದರೆ ಕರಕರ,
ಸರಿಯಾಗಿ ತೊಳೆಯದ ಬೆಳಚಿನಲ್ಲಿ ಮರಳು ಸಿಕ್ಕ ಹಾಗೆ.

ತಾಂಡೇಲರ ಆಂಪ್ಲಿಫೈಯರಿನಿಂದ ಅದನ್ನು ಕಿತ್ತು ಬಿಸಾಡಿದೆ.
ಬಾಸು, ಟ್ರೆಬಲ್ಲು ಇನ್ನು ಚಿಪ್ಪಿನೊಳಗಿನ ಮೆಟ್ಟಿಲು:
ಏರಿಸಲಿಕ್ಕೊಂದು ಗುಂಡಿ, ಇಳಿಸಲಿಕ್ಕೊಂದು.

ಉಳಿದದ್ದು ರೇಡಿಯೋದಿಂದ ಟೇಪಿಗೆ ದಾಟಿಸುವ ಸ್ವಿಚ್ಚು.
ಐಸಿ ಹಾಕಲೋ, ರಿಲೇಯೋ?
ಹದಿನೆಂಟು ರೂಪಾಯಿಯ ಐಸಿ ಸದ್ದಿಲ್ಲದೆ ದುಡಿಯುತ್ತದೆ, ಸವೆಯುವುದಿಲ್ಲ.
ರಿಲೇ ದುಬಾರಿ, ಕರೆಂಟು ಕುಡಿಯುತ್ತದೆ,
ಪ್ರತಿ ಸಲ ಟಿಕ್ ಅನ್ನುತ್ತದೆ.
ಐಸಿಯೇ ಸೈ ಅಂತ ಬೆಸುಗೆಗೆ ಕೂತೆ.

ಸಂಜೆ ಬಂದರು. ಮೂವತ್ತು ವರ್ಷ ಟ್ರಾಲರಿನ ಇಂಜಿನ್ನು
ತಿಂದುಬಿಟ್ಟ ಕಿವಿ, ಸಣ್ಣ ದನಿಯೆಲ್ಲ ಹೋಗಿದೆ.
ಟ್ರೆಬಲ್ಲು ತುದಿಗೇರಿಸಿದೆ. ತಲೆಯಾಡಿಸಿದರು.
ಗುಂಡಿ ಒತ್ತಿದರು. ಮತ್ತೂ ಒತ್ತಿದರು.
"ದಾಟ್ತು ಅಂತ ನಂಗೆ ಹೇಗೆ ಗೊತ್ತಾಗ್ಬೇಕು, ಬಾಯಿ?"

ಬೆಸುಗೆ ಬಿಡಿಸಿದೆ.
ಉಪ್ಪು ಹೊಗದ ಸೀಲಿನ ರಿಲೇ, ಡಯೋಡು ಸಮೇತ,
ಪೆಟ್ಟಿಗೆಯ ತಗಡಿಗೇ ಬಿಗಿದೆ.
ಅರವತ್ತು ರೂಪಾಯಿ ಬಿಲ್ಲಿಗೆ ಸೇರಿಸಿದ್ದೇನೆ.

ಈಗ ತಗಡಿನ ಮೇಲೆ ಎಡಗೈ ಚಾಚಿ
ಬಲಗೈಲಿ ಒತ್ತುತ್ತಾರೆ.
"ಹಾಂ, ಬಂತು" ಅನ್ನುತ್ತಾರೆ,
ಗಾಳದ ದಾರ ಜಗ್ಗಿದಾಗಿನ ಮುಖದಲ್ಲಿ.